ಜಾಯಿಂಟೊ, ಸೌಟೊ?

ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸುತ್ತಿದ್ದ ಕ್ಯಾಲ್ವಿನ್ ವುಡ್‌ವರ್ಡ್, 1870ರ ದಶಕದಲ್ಲಿ ತಮ್ಮ ಎಂಜಿನಿಯರಿಂಗ್ ಹುಡುಗರಿಗೊಂದು ಕೆಲಸ ಕೊಟ್ಟರು: ಯಂತ್ರಶಾಸ್ತ್ರದ ಪಾಠಕ್ಕೆ ಬೇಕಾದ ಮಾದರಿಗಳನ್ನು ಮರದಲ್ಲಿ ಮಾಡಿ. ಲೆಕ್ಕದಲ್ಲಿ ಮುಂದಿದ್ದವರು ಉಪಕರಣ ಹಿಡಿಯಲು ತಿಳಿಯದೆ ಪೇಚಾಡಿದರು. ಅಮೆರಿಕದ ಶಾಲೆಗಳಲ್ಲಿ ಕೈಗೆಲಸ ಕಲಿಸುವ ‘ಶಾಪ್ ಕ್ಲಾಸ್’ನ ಬೇರು ಹುಡುಕುತ್ತ ಹೋದರೆ ಈ ಪೇಚಾಟವೂ ಸಿಗುತ್ತದೆ.

ಇನ್ನೊಂದು ಬೇರು ಮಾಸ್ಕೋದ್ದು. ಅಲ್ಲಿನ ತಾಂತ್ರಿಕ ಶಾಲೆಯ ವಿಕ್ಟರ್ ಡೆಲ್ಲಾ ವೋಸ್ ಮರಗೆಲಸ, ಕಮ್ಮಾರಿಕೆಗಳನ್ನು ಬಿಡಿಬಿಡಿ ಅಭ್ಯಾಸಗಳಾಗಿ ಒಡೆದು, ಸುಲಭದಿಂದ ಕಠಿಣಕ್ಕೆ ಜೋಡಿಸಿದ್ದರು. 1876ರ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ ಈ ಕ್ರಮವನ್ನು ಕಂಡ ಅಮೆರಿಕದ ಶಿಕ್ಷಣತಜ್ಞರು ಬೆರಗಾದರು. 1880ರಲ್ಲಿ ವುಡ್‌ವರ್ಡ್ ಅವರ ಮ್ಯಾನ್ಯುಯಲ್ ಟ್ರೈನಿಂಗ್ ಸ್ಕೂಲ್ ಬಾಗಿಲು ತೆರೆಯಿತು.

ರಷ್ಯನ್ ಕ್ರಮದಲ್ಲಿ ಹುಡುಗ ಎರಡು ಮರದ ತುಂಡುಗಳನ್ನು ಸೇರಿಸುವ ಒಂದು ಜಾಯಿಂಟ್ ಕೂರಿಸುವುದನ್ನು ಕಲಿಯುತ್ತಿದ್ದ. ಅದರಿಂದ ಯಾವ ವಸ್ತುವೂ ಆಗಬೇಕಿರಲಿಲ್ಲ. ಸ್ವೀಡನ್ನಿನ ನ್ಯಾಸ್‌ನಲ್ಲಿ ಒಟ್ಟೊ ಸಾಲೊಮನ್ ಇದಕ್ಕಿಂತ ಬೇರೆಯೇ ದಾರಿ ಹಿಡಿದರು. ಫಿನ್ಲೆಂಡಿನ ಊನೊ ಸಿಗ್ನೇಯಸ್ ಅವರಿಂದ ಪ್ರೇರಣೆ ಪಡೆದ ಅವರ ‘ಸ್ಲಾಯ್ಡ್’ ಪದ್ಧತಿಯಲ್ಲಿ ಮಗು ಚಾಕು ಹಿಡಿದು ಸಣ್ಣ ಕಡ್ಡಿ ಕೆತ್ತುವುದರಿಂದ ಶುರುಮಾಡಿ, ಮರದ ಸೌಟು, ಕೊಡಲಿಯ ಕಾವುಗಳವರೆಗೆ ಹೋಗುತ್ತಿತ್ತು. ಮಾಡಿದ್ದೆಲ್ಲ ಮನೆಯಲ್ಲಿ ಬಳಕೆಗೆ ಬರಬೇಕು. ಬಡಗಿಯನ್ನು ತಯಾರುಮಾಡುವುದು ಸಾಲೊಮನ್ ಅವರ ಗುರಿಯಾಗಿರಲಿಲ್ಲ. ಕೆಲಸದ ಮೇಲಿನ ಪ್ರೀತಿ, ಅಚ್ಚುಕಟ್ಟು, ಸ್ವಾವಲಂಬನೆ ಬೆಳೆಯಲಿ ಎಂಬುದಾಗಿತ್ತು. ಡೆಲ್ಲಾ ವೋಸ್, ಸಾಲೊಮನ್ ಇಬ್ಬರಲ್ಲಿ ಮಗುವಿನ ಮನಸ್ಸನ್ನು ಹೆಚ್ಚು ಬಲ್ಲವರು ಸಾಲೊಮನ್ ಎಂದೇ ಹೇಳಬೇಕು. 1888ರಲ್ಲಿ ಗುಸ್ತಾಫ್ ಲಾರ್ಸನ್ ಸ್ಲಾಯ್ಡನ್ನು ಬಾಸ್ಟನ್ನಿಗೆ ಒಯ್ದರು.

ಅಮೆರಿಕದ 1917ರ ಸ್ಮಿತ್-ಹ್ಯೂಸ್ ಕಾಯ್ದೆ ವೃತ್ತಿಶಿಕ್ಷಣಕ್ಕೆ ಕೇಂದ್ರ ಸರ್ಕಾರದ ಹಣ ತಂದಿತು. ಜೊತೆಗೆ ಅದನ್ನು ಸಾಮಾನ್ಯ ಶಿಕ್ಷಣದಿಂದ ಬೇರೆಯಾಗಿಸಿತು. ದಶಕಗಳ ಕಾಲ ಹುಡುಗರು ಶಾಪ್‌ಗೆ, ಹುಡುಗಿಯರು ಅಡುಗೆ-ಹೊಲಿಗೆಗೆ. ಲಿಂಗ ತಾರತಮ್ಯ ನಿಷೇಧಿಸಿದ 1972ರ ‘ಟೈಟಲ್ 9’ ಕಾಯ್ದೆ ಬಂದ ಮೇಲಷ್ಟೇ ಆ ಗೋಡೆ ಕಾನೂನಿನ ಪ್ರಕಾರ ಬಿದ್ದದ್ದು. ಇಷ್ಟು ತಡವಾದದ್ದು ನೋವಿನ ಸಂಗತಿ.

ಮುಂದೆ ಎಷ್ಟೋ ಶಾಲೆಗಳಲ್ಲಿ ಶಾಪ್ ಮುಚ್ಚಿತು. ಕೈಗೆಲಸ ಶಾಲೆಗೆ ಮರಳಿದ್ದು ಬೇರೆ ವೇಷದಲ್ಲಿ. ಎಂಐಟಿಯ ನೀಲ್ ಗರ್ಶನ್‌ಫೆಲ್ಡ್ ಆರಂಭಿಸಿದ ‘ಫ್ಯಾಬ್ ಲ್ಯಾಬ್’ ಎಂಬ ಕಾರ್ಯಾಗಾರ ಲೇಸರ್ ಕಟರ್‌ನಂಥ ಯಂತ್ರಗಳನ್ನು ಸಾಮಾನ್ಯರ ಕೈಗೆ ಕೊಟ್ಟಿತು; 2002ರಲ್ಲೇ ಅದು ಪುಣೆ ಬಳಿಯ ಪಾಬಳ್‌ನ ವಿಜ್ಞಾನ ಆಶ್ರಮಕ್ಕೂ ಬಂತು. 2009ರಲ್ಲಿ ಒಂದು ಮುಖ್ಯ ಪೇಟೆಂಟ್ ಅವಧಿ ಮುಗಿದ ಮೇಲೆ ತ್ರೀಡಿ ಪ್ರಿಂಟರ್ ಅಗ್ಗವಾಯಿತು. 2016ರಲ್ಲಿ ಘೋಷಣೆಯಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ 6ರಿಂದ 12ನೇ ತರಗತಿಯವರಿಗಾಗಿ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಕೊಡುತ್ತದೆ. ಕರ್ನಾಟಕದಲ್ಲೂ ಈ ಲ್ಯಾಬ್‌ಗಳಿವೆ.

ಯಂತ್ರ ಬಂದ ಮಾತ್ರಕ್ಕೆ ಪಾಠ ಬಂದಂತಾಗಲಿಲ್ಲ. ಶಾಲೆಗಳಿಗೆ ಫ್ಯಾಬ್ ಲ್ಯಾಬ್ ಒಯ್ದ, ಆಗ ಸ್ಟ್ಯಾನ್‌ಫರ್ಡ್‌ನಲ್ಲಿದ್ದ ಪೌಲೊ ಬ್ಲಿಕ್‌ಸ್ಟೈನ್, ಮಕ್ಕಳಿಗೆ ಮೊದಲು ಲೇಸರ್ ಕಟರ್‌ನಲ್ಲಿ ಕೀಚೈನ್ ಮಾಡುವುದನ್ನು ಕಲಿಸಿದರು. ಮಕ್ಕಳು ಕೀಚೈನ್ ಬಿಟ್ಟು ಮುಂದಕ್ಕೆ ಹೋಗಲೊಲ್ಲರು! ಕಡಿಮೆ ಶ್ರಮಕ್ಕೆ ಅಷ್ಟು ಚೆಂದದ ವಸ್ತು ಸಿಗುವಾಗ ಕಷ್ಟದ್ದಕ್ಕೆ ಯಾರು ಕೈಹಾಕುತ್ತಾರೆ? ಸುಲಭದ ಮಾದರಿಗಳಿಂದ ಮಕ್ಕಳನ್ನು ಬೇಗ ದಾಟಿಸಿ, ತಪ್ಪಿ ತಿದ್ದಿಕೊಳ್ಳಬೇಕಾದ ದೊಡ್ಡ ಯೋಜನೆಗಳತ್ತ ಒಯ್ಯಬೇಕೆಂದು ಅವರು 2013ರಲ್ಲಿ ಬರೆದರು. ಕಡ್ಡಿಯಾದ ಮೇಲೆ ಯಾವುದು, ಅದಾದ ಮೇಲೆ ಯಾವುದು ಎಂದು ಸಾಲೊಮನ್ ಒಂದೊಂದೇ ಮಾದರಿಯನ್ನು ತೂಗಿ ಜೋಡಿಸಿದ್ದು ಇಂಥ ದಾಟುವಿಕೆಗಾಗಿಯೇ. ತ್ರೀಡಿ ಪ್ರಿಂಟರ್‌ಗೆ ಅಂಥ ಕ್ರಮವನ್ನು ಕಟ್ಟುವ ಹೊಣೆ ಈಗ ಲ್ಯಾಬಿನ ಮೇಷ್ಟರದು.