ಅಬಿಗೇಲ್ ಆಡಮ್ಸ್ ಮತ್ತು ಸ್ತ್ರೀಯರ ಪೌರಾಧಿಕಾರ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಎರಡನೆಯ ಅಧ್ಯಕ್ಷನಾದ ಜಾನ್ ಆಡಮ್ಸನ ಪತ್ನಿ ಅಬಿಗೇಲಳು ಸ್ತ್ರೀಯರಿಗೆ ಮತಾಧಿಕಾರವನ್ನು ಬೇಡಿದಳೆಂಬ ಮಾತು ಪ್ರಚಾರದಲ್ಲಿದೆ. ಇದಕ್ಕೆ ಆಕೆಯು 1776ನೆಯ ಮಾರ್ಚಿ 31ರಂದು ಪತಿಗೆ ಬರೆದ ಪತ್ರವನ್ನು ಪ್ರಮಾಣವಾಗಿ ಹೇಳುವುದುಂಟು. ಆ ಪತ್ರದ ನಿಜವಾದ ಅಭಿಪ್ರಾಯವೇನೆಂಬುದು ವಿಚಾರಾರ್ಹವಾಗಿದೆ.

ಈಕೆಯು 1744ರಲ್ಲಿ ಮ್ಯಾಸಚೂಸೆಟ್ಸ್ ಪ್ರಾಂತದ ವೇಮೌತ್ ಎಂಬಲ್ಲಿ ಪಾದ್ರಿಯೊಬ್ಬನ ಮಗಳಾಗಿ ಜನಿಸಿದಳು. ಪಾಠಶಾಲೆಗೆ ಹೋದವಳಲ್ಲ, ಮನೆಯ ಗ್ರಂಥಗಳಿಂದಲೇ ವ್ಯುತ್ಪತ್ತಿಯನ್ನು ಪಡೆದಳು. 1764ರಲ್ಲಿ ವಿವಾಹವಾಯಿತು. 1774ರಿಂದ ಪತಿಯು ಫಿಲಡೆಲ್ಫಿಯಾದ ಮಹಾಸಭೆಗೆ ಹೋಗುತ್ತಿರಲು, ಬ್ರೇನ್‌ಟ್ರೀಯ ಹೊಲಮನೆಗಳ ಭಾರವೆಲ್ಲವನ್ನೂ ಈಕೆಯೇ ಹೊತ್ತಳು.

ಆಗಿನ ಆಂಗ್ಲ ನ್ಯಾಯದಂತೆ ವಿವಾಹಿತೆಯ ಚರಸ್ವತ್ತು ಪತಿಯದಾಗುತ್ತಿತ್ತು. ಆಕೆಯ ಭೂಮಿಯ ಆಡಳಿತವೂ ಅವನದೇ. ಪ್ರತ್ಯೇಕವಾದ ಏರ್ಪಾಡಿದ್ದ ಹೊರತು, ನಮ್ಮ ಧರ್ಮಶಾಸ್ತ್ರಕಾರರು ವಿವೇಚಿಸುವ ಸ್ತ್ರೀಧನದಂತಹುದು ಆಕೆಗಿರಲಿಲ್ಲ. ಹೊಸ ಶಾಸನಗಳನ್ನು ರಚಿಸುವಾಗ ಸ್ತ್ರೀಯರನ್ನು ಮರೆಯಬಾರದು, ಗಂಡಂದಿರಿಗೆ ಮಿತಿಯಿಲ್ಲದ ಅಧಿಕಾರವನ್ನು ಕೊಡಬಾರದು ಎಂಬುದೇ ಪತ್ರದ ತಾತ್ಪರ್ಯ. ತಮಗೆ ಪ್ರಾತಿನಿಧ್ಯವಿಲ್ಲದ ಶಾಸನಗಳಿಗೆ ಸ್ತ್ರೀಯರು ಬದ್ಧರಾಗರೆಂಬ ಎಚ್ಚರಿಕೆಯು ಅರ್ಧಪರಿಹಾಸದಿಂದ ಅಲ್ಲಿ ಬಂದಿದ್ದರೂ, ಮತಾಧಿಕಾರದ ಸ್ಪಷ್ಟ ಪ್ರಾರ್ಥನೆಯಿಲ್ಲ.

ಏಪ್ರಿಲ್ 14ರ ಉತ್ತರದಲ್ಲಿ ಪತಿಯು ಇದನ್ನು ನಗೆಯಿಂದಲೇ ತಳ್ಳಿಹಾಕಿದನು. ಆದರೆ ಮೇ 26ರಂದು ಜೇಮ್ಸ್ ಸಲಿವನ್ ಎಂಬವನಿಗೆ ಬರೆಯುತ್ತ, ಮತದಾರರ ಅರ್ಹತೆಯನ್ನು ಒಮ್ಮೆ ಸಡಿಲಿಸಿದರೆ ಸ್ತ್ರೀಯರೂ ಅದನ್ನು ಕೇಳುವರೆಂದು ಶಂಕಿಸಿದನು. ಪತ್ನಿಯ ಮಾತು ಎಲ್ಲಿಗೆ ಮುಟ್ಟುವುದೆಂಬುದು ಅವನಿಗೆ ತಿಳಿಯದೆ ಇರಲಿಲ್ಲ.

ಆ ವರ್ಷದ ನ್ಯೂಜೆರ್ಸಿಯ ರಾಜ್ಯಾಂಗವು 50 ಪೌಂಡು ಸ್ವತ್ತುಳ್ಳ ನಿವಾಸಿಗಳಿಗೆಲ್ಲ ಮತವನ್ನು ಕೊಟ್ಟಿತು. ಸ್ವತ್ತುಳ್ಳ ಅವಿವಾಹಿತೆಯರೂ ವಿಧವೆಯರೂ ಅಲ್ಲಿ ಮತವಿತ್ತರು. ಪತಿಯು ಅಧ್ಯಕ್ಷನಾದ 1797ರಲ್ಲಿ ಅಬಿಗೇಲಳು ಸೋದರಿಗೆ ಬರೆಯುತ್ತ, ತಮ್ಮ ಪ್ರಾಂತದಲ್ಲಿಯೂ ಅಂತಹ ವಿಧಿಯಿದ್ದರೆ ತಾನು ಮತವೀಯುತ್ತಿದ್ದೆನೆಂದು ತಿಳಿಸಿದಳು. ಮತಾಧಿಕಾರದ ಅಪೇಕ್ಷೆಗೆ ಪ್ರಮಾಣವು ಈ ಪತ್ರವೇ ಹೊರತು ಹಿಂದಿನದಲ್ಲ. ನ್ಯೂಜೆರ್ಸಿಯಾದರೋ 1807ರಲ್ಲಿ ಆ ಹಕ್ಕನ್ನು ಕಿತ್ತುಕೊಂಡಿತು.

ಸ್ವತ್ತಿನ ವಿಷಯದಲ್ಲಿ ಈಕೆಯು ಶಾಸನಕ್ಕಾಗಿ ಕಾಯಲಿಲ್ಲ. ತನ್ನದೆಂದು ಎಣಿಸಿದ ಹಣದಿಂದ ಸರ್ಕಾರದ ಸಾಲಪತ್ರಗಳನ್ನು ಕೊಳ್ಳಿಸಿದಳು. 1816ರಲ್ಲಿ ಮರಣಶಾಸನವನ್ನು ಬರೆದು, ಬಹುಭಾಗವನ್ನು ಬಂಧುವರ್ಗದ ಸ್ತ್ರೀಯರಿಗೇ ಹಂಚಿದಳು. ನ್ಯಾಯದ ದೃಷ್ಟಿಯಲ್ಲಿ ಅದಕ್ಕೆ ಬಲವಿರಲಿಲ್ಲ. 1818ರಲ್ಲಿ ಆಕೆಯು ತೀರಿಕೊಂಡ ಮೇಲೆ ಪತಿಯು ಅದನ್ನು ಮನ್ನಿಸಿ ನಡೆಯಿಸಿದನು. 1776ರಲ್ಲಿ ನಕ್ಕವನು ಹೀಗೆ ಆಕೆಯ ಸ್ವಾಮ್ಯವನ್ನು ಕೃತಿಯಿಂದ ಒಪ್ಪಿದಂತಾಯಿತು.

ಸ್ತ್ರೀಯೆಂಬ ಕಾರಣದಿಂದ ಮತವನ್ನು ನಿರಾಕರಿಸಕೂಡದೆಂಬ ಹತ್ತೊಂಬತ್ತನೆಯ ತಿದ್ದುಪಡಿಯು ಸಿದ್ಧಿಸಿದುದು 1920ರಲ್ಲಿ. ಅಬಿಗೇಲಳನ್ನು ಆ ಚಳವಳಿಯ ಪ್ರವರ್ತಕಳೆನ್ನುವುದು ಅತಿಶಯೋಕ್ತಿ. ಪತಿಯ ಅಧಿಕಾರಕ್ಕೆ ಮಿತಿ, ಸ್ವತ್ತಿನ ಮೇಲೆ ಸ್ವಾಮ್ಯ, ಮತವೀಯುವ ಇಚ್ಛೆ ಎಂಬೀ ಮೂರನ್ನೂ ಕ್ರಮವಾಗಿ ಕಂಡವಳೆಂದರೆ ಅದು ಯಥಾರ್ಥ. ಆಕೆಯ ಕೀರ್ತಿಗೆ ಅಷ್ಟೇ ಸಾಕು.