ಆಟಿಕೆ ಬಂದೂಕು ಹೇಳುವ ಜಪಾನಿನ ಕಥೆ

2022ರ ಜುಲೈ 8. ಬೆಳಗಿನ ಬುಲೆಟಿನ್ ಓದ್ತಾ ಇದ್ದೆ. ನಮ್ಮ ಗಡಿಯಾರದಲ್ಲಿ ಎಂಟು ಗಂಟೆ, ಜಪಾನಿನಲ್ಲಿ ಹನ್ನೊಂದೂವರೆ. ನಾರಾ ಎಂಬ ಊರಿನ ರೈಲು ನಿಲ್ದಾಣದ ಬಳಿ ಚುನಾವಣಾ ಭಾಷಣ ಮಾಡುತ್ತಿದ್ದ ಮಾಜಿ ಪ್ರಧಾನಿ ಶಿಂಜೋ ಅಬೆ ಮೇಲೆ ಗುಂಡಿನ ದಾಳಿ. ಸುದ್ದಿ ಬರ್ತಿದ್ದ ಹಾಗೇ ಗ್ರಾಫಿಕ್ಸ್ ವಿಭಾಗದವರು ನನ್ನ ಹಿಂದಿನ ಪರದೆ ಮೇಲೆ ಒಂದು ಚಿತ್ರ ಹಾಕಿದರು. ಮಿರಮಿರ ಮಿಂಚುವ ಕರಿ ಪಿಸ್ತೂಲು. ನಾನೂ ಹಿಂದೆ ಮುಂದೆ ನೋಡದೆ "ಪಿಸ್ತೂಲಿನಿಂದ ದಾಳಿ" ಅಂದುಬಿಟ್ಟೆ.

ಆಮೇಲೆ ಬಂದ ಫೋಟೋಗಳಲ್ಲಿ ಪಿಸ್ತೂಲೇ ಇರಲಿಲ್ಲ. ಎರಡು ಲೋಹದ ಪೈಪು, ಒಂದು ಮರದ ಹಲಗೆ, ಸುತ್ತಲೂ ಕಪ್ಪು ಟೇಪು. ಮನೆಯಲ್ಲೇ ಮಾಡಿದ್ದು.

ಅವತ್ತು ಸಂಜೆ ಆಫೀಸಿಗೆ ಫೋನ್ ಮಾಡಿದ ವೀಕ್ಷಕರೊಬ್ಬರು ಬಹಳ ಸಮಾಧಾನದಿಂದ ಕೇಳಿದರು, "ಬೆಳಿಗ್ಗೆ ತೋರಿಸಿದ್ರಲ್ಲ ಸಾರ್, ಅದು ಯಾವ ಗನ್ನು? ಅಲ್ಲಿನ ಪೊಲೀಸರ ಹತ್ರ ಯಾವುದಿರುತ್ತೆ?" ನಾನು ಇಂಜಿನಿಯರಿಂಗ್ ಓದಿದವನು. ಹತ್ತು ವರ್ಷದಿಂದ ಯುದ್ಧ, ಗಡಿ, ಎನ್‌ಕೌಂಟರ್ ಅಂತ ಸುದ್ದಿ ಓದ್ತಾ ಇದ್ದೀನಿ. ಆ ಎರಡರಲ್ಲಿ ಒಂದು ಪ್ರಶ್ನೆಗೂ ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಚಿಕೆ ಆಯ್ತು. ಹುಡುಕೋಕೆ ಕೂತೆ. ತಮಾಷೆ ಏನು ಗೊತ್ತಾ? ಜಪಾನಿನ ಸೈನ್ಯ, ಪೊಲೀಸರ ಬಂದೂಕುಗಳ ಬಗ್ಗೆ ಅತ್ಯಂತ ಕರಾರುವಾಕ್ಕಾದ ಮಾಹಿತಿ ನನಗೆ ಸಿಕ್ಕಿದ್ದು ಆಟಿಕೆ ಜಗತ್ತಿನಲ್ಲಿ.

ಆಟಿಕೆ ಅಂದ ತಕ್ಷಣ ನಮ್ಮ ದೀಪಾವಳಿಯ ಕೇಪು ಪಿಸ್ತೂಲು ಅಂದುಕೋಬೇಡಿ. ಇದಕ್ಕೆ ಏರ್‌ಸಾಫ್ಟ್ ಅಂತಾರೆ. ಗಾಳಿ ಅಥವಾ ಗ್ಯಾಸಿನ ಒತ್ತಡದಿಂದ 6 ಮಿಲಿಮೀಟರಿನ ಪ್ಲಾಸ್ಟಿಕ್ ಗುಂಡು ಹಾರಿಸುವ ಪ್ರತಿಕೃತಿ. ಅಳತೆ, ಆಕಾರ, ಎಷ್ಟೋ ಸಲ ತೂಕವೂ ಅಸಲಿಯದ್ದೇ. ಹುಟ್ಟಿದ್ದು ಜಪಾನಿನಲ್ಲಿ, 1970ರ ದಶಕದಲ್ಲಿ. ಸಾಮಾನ್ಯ ಪ್ರಜೆಯ ಕೈಗೆ ಪಿಸ್ತೂಲು ಸಿಗದ ದೇಶವೇ ಜಗತ್ತಿನ ಅತ್ಯಂತ ನಿಖರವಾದ ನಕಲಿ ಪಿಸ್ತೂಲು ಮಾಡಿತು! ಅದು ಹೇಗೆ?

ಸ್ವಲ್ಪ ಹಿಂದಕ್ಕೆ ಹೋಗೋಣ. 1588ರಲ್ಲಿ ಟೊಯೊಟೊಮಿ ಹಿದೆಯೋಶಿ ರೈತರ ಕೈಯಿಂದ ಕತ್ತಿ, ಬಂದೂಕು ಕಿತ್ತುಕೊಂಡ. 1876ರಲ್ಲಿ ಮೇಜಿ ಸರ್ಕಾರ ಸಮುರಾಯ್‌ಗಳ ಸೊಂಟದ ಕತ್ತಿಗೂ ಕೈ ಹಾಕಿತು. 1945ರಲ್ಲಿ ಸೋತ ಮೇಲೆ ಅಮೆರಿಕನ್ನರು ಇಡೀ ದೇಶವನ್ನೇ ನಿಶ್ಶಸ್ತ್ರ ಮಾಡಿದರು. 1958ರಲ್ಲಿ ಬಂದೂಕು ಮತ್ತು ಖಡ್ಗ ನಿಯಂತ್ರಣ ಕಾಯ್ದೆ ಬಂತು. ಬೇಟೆಗೆ, ಕ್ರೀಡೆಗೆ ಒಂದಷ್ಟು ಪರವಾನಗಿ, ಅಷ್ಟೆ. ಆದರೆ ಸಿನಿಮಾ ನೋಡಿದ ಹುಡುಗರ ಆಸೆಗೆ ಕಾಯ್ದೆ ತಡೆಯಾಗುತ್ತಾ? ಅರವತ್ತರ ದಶಕದಲ್ಲಿ ಎಂಜಿಸಿಯಂಥ ಕಂಪನಿಗಳು ಲೋಹದಲ್ಲೇ ಮಾಡಿದ, ಗುಂಡು ಹಾರದ 'ಮಾಡೆಲ್ ಗನ್'ಗಳನ್ನು ಅಂಗಡಿಗೆ ತಂದವು. ಕೈಯಲ್ಲಿ ಹಿಡಿದರೆ ಅಸಲಿ ಯಾವುದು, ನಕಲಿ ಯಾವುದು ಗೊತ್ತಾಗುತ್ತಿರಲಿಲ್ಲ.

ಆಮೇಲೆ 1970ರ ಮಾರ್ಚ್ 31 ಬಂತು. ಟೋಕಿಯೋದಿಂದ ಫುಕುವೋಕಾಗೆ ಹೊರಟಿದ್ದ ಜಪಾನ್ ಏರ್‌ಲೈನ್ಸ್ ವಿಮಾನವನ್ನು 'ರೆಡ್ ಆರ್ಮಿ' ಬಣದ ಒಂಬತ್ತು ಯುವಕರು ಅಪಹರಿಸಿದರು. ಕೈಯಲ್ಲಿ ಸಮುರಾಯ್ ಕತ್ತಿ, ಪಿಸ್ತೂಲು. ಉತ್ತರ ಕೊರಿಯಾಗೆ ನಡೀರಿ ಅಂದರು. ಅಧಿಕಾರಿಗಳು ವಿಮಾನವನ್ನು ದಕ್ಷಿಣ ಕೊರಿಯಾದ ಗಿಂಪೋದಲ್ಲಿ ಇಳಿಸಿ, ಆ ನಿಲ್ದಾಣಕ್ಕೇ ಉತ್ತರ ಕೊರಿಯಾದ ವೇಷ ಹಾಕಿದರು. ಬಾವುಟ ಬದಲು, ಸೈನಿಕರ ಬಟ್ಟೆ ಬದಲು! ಅಪಹರಣಕಾರರು ಮೋಸ ಹೋಗಲಿಲ್ಲ. ಕೊನೆಗೆ ಪ್ರಯಾಣಿಕರ ಬದಲಿಗೆ ಉಪಸಚಿವ ಶಿಂಜಿರೋ ಯಾಮಾಮುರಾ ತಾವೇ ಒತ್ತೆಯಾಳಾಗಿ ವಿಮಾನ ಹತ್ತಿದರು. ಅದು ಪ್ಯೊಂಗ್ಯಾಂಗ್ ಕಡೆ ಹಾರಿತು. ಆ ಪಿಸ್ತೂಲುಗಳು? ನಕಲಿ ಅಂತ ಆಮೇಲೆ ಗೊತ್ತಾಯಿತು. ನಕಲಿ ನಿಲ್ದಾಣವನ್ನು ಅವರು ನಂಬಲಿಲ್ಲ, ಆದರೆ ಅವರ ನಕಲಿ ಪಿಸ್ತೂಲನ್ನು ವಿಮಾನದಲ್ಲಿದ್ದ ನೂರಕ್ಕೂ ಹೆಚ್ಚು ಜನ ನಂಬಿದ್ದರು.

1971ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಲೋಹದ ಮಾಡೆಲ್ ಪಿಸ್ತೂಲಿಗೆ ಬಿಳಿ ಅಥವಾ ಹಳದಿ ಬಣ್ಣ ಬಳಿಯಬೇಕು, ನಳಿಕೆ ಮುಚ್ಚಿರಬೇಕು. 1977ರಲ್ಲಿ ನಿಯಮ ಇನ್ನೂ ಬಿಗಿಯಾಯ್ತು. ನನ್ನೊಳಗಿನ ಇಂಜಿನಿಯರ್‌ಗೆ ಇಷ್ಟವಾಗೋದು ಇದರ ಮುಂದಿನ ಹೆಜ್ಜೆ. ಬಣ್ಣದ ನಿಯಮ ಇದ್ದದ್ದು ಲೋಹಕ್ಕೆ. ಸರಿ, ತಯಾರಕರು ಪ್ಲಾಸ್ಟಿಕ್ಕಿಗೆ ಹೋದರು. ಪ್ಲಾಸ್ಟಿಕ್ಕಾದರೆ ಕಪ್ಪು ಬಣ್ಣವೇ ಇರಬಹುದು, ಒಳಗೆ ಸ್ಪ್ರಿಂಗ್ ಕೂರಿಸಿ ಪ್ಲಾಸ್ಟಿಕ್ ಗುಂಡನ್ನೂ ಹಾರಿಸಬಹುದು. ಏರ್‌ಸಾಫ್ಟ್ ಬೆಳೆದದ್ದು ಆ ಸಂದಿನಲ್ಲಿ. 1991ರಲ್ಲಿ ಟೋಕಿಯೋ ಮಾರುಯಿ ಕಂಪನಿ ಫ್ರೆಂಚ್ ಸೈನ್ಯದ ಫಮಾಸ್ ರೈಫಲ್ಲಿನ ನಕಲಿನೊಳಗೆ ಬ್ಯಾಟರಿ, ಮೋಟರು, ಗೇರು ಕೂರಿಸಿತು. ಅಲ್ಲಿಂದ ಅದು ಪ್ರಪಂಚಕ್ಕೇ ಹರಡಿತು.

ಈಗ ಆ ವೀಕ್ಷಕರ ಪ್ರಶ್ನೆಗೆ ಬರ್ತೀನಿ. ಜಪಾನಿ ಪಡೆಗಳಿಗೆ ತಕ್ಕ ಪ್ರತಿಕೃತಿ ಆರಿಸಬೇಕು ಅಂತ ಹವ್ಯಾಸಿಯೊಬ್ಬ ಹೊರಟರೆ, ಬಂದೂಕಿಗಿಂತ ಮೊದಲು ವರ್ಷ ಆರಿಸಬೇಕಾಗುತ್ತೆ. 1970ರ ಸೈನಿಕನ ವೇಷ ಹಾಕಿ ಕೈಯಲ್ಲಿ ಟೈಪ್ 89 ಹಿಡಿದರೆ ಗೊತ್ತಿದ್ದವರು ನಗ್ತಾರೆ. ಅದು ಬಂದಿದ್ದೇ 1989ರಲ್ಲಿ. ಅದಕ್ಕೂ ಹಿಂದಿನದು 1964ರ ಹೋವಾ ಕಂಪನಿಯ ಟೈಪ್ 64. ನೇಟೋ ಪಡೆಗಳ 7.62 ಗುಂಡೇ, ಆದರೆ ಹಿಂದೊದೆತ ತಡೆದುಕೊಳ್ಳಲಿ ಅಂತ ಮದ್ದು ಕಡಿಮೆ ತುಂಬಿದ್ದು. ಅದರ ಸೆಲೆಕ್ಟರ್ ಮೇಲೆ ಮೂರು ಅಕ್ಷರ: 'ಆನ್‌ಜೆನ್' ಅಂದರೆ ಸುರಕ್ಷಿತ, ಅದರ 'ಅ'; 'ತಾನ್‌ಪತ್ಸು' ಅಂದರೆ ಒಂದೊಂದೇ ಗುಂಡು, ಅದರ 'ತಾ'; 'ರೆನ್‌ಪತ್ಸು' ಅಂದರೆ ಸತತ ಗುಂಡು, ಅದರ 'ರೆ'. ಕೂಡಿಸಿ ಓದಿದರೆ 'ಅತಾರೆ'. ಜಪಾನಿ ಭಾಷೆಯಲ್ಲಿ 'ತಗುಲು!' ಅಂತ ಅರ್ಥ. ಇನ್ನೊಂದು ವಿಷಯ, ಈ ರೈಫಲ್ಲಿನ ಬಿಡಿಭಾಗಗಳು ಕಳಚಿ ಬೀಳ್ತವೆ ಅಂತ ಸೈನಿಕರು ಕಪ್ಪು ಟೇಪು ಸುತ್ತುತ್ತಿದ್ದರು. ನಿಜವಾದ ಹವ್ಯಾಸಿ ತನ್ನ ಆಟಿಕೆಗೂ ಅದೇ ಜಾಗದಲ್ಲಿ ಟೇಪು ಸುತ್ತುತ್ತಾನೆ!

ಪಿಸ್ತೂಲಿನಲ್ಲಿ ಹೊಸಬರು ಎಡವೋದು ಹೆಚ್ಚು. ಯುದ್ಧಾನಂತರ ಸ್ವರಕ್ಷಣಾ ಪಡೆಗೆ ಸಿಕ್ಕಿದ್ದು ಅಮೆರಿಕದ ಎಂ1911. 1982ರಿಂದ ಸ್ವಿಸ್ ಮೂಲದ ಸಿಗ್ ಪಿ220, ಪರವಾನಗಿ ಪಡೆದು ಜಪಾನಿನಲ್ಲೇ ತಯಾರಾದದ್ದು. ಆದರೆ ಅಂಗಡಿಯಲ್ಲಿ ಸುಲಭವಾಗಿ ಸಿಗೋದು ಅದರ ತಮ್ಮ ಪಿ226. ಎರಡೂ ಒಂದೇ ಥರ ಕಾಣ್ತವೆ, ಒಂದೇ ಅಲ್ಲ. ಪಿ226ರ ಹಿಡಿ ದಪ್ಪ, ಗುಂಡು ಎರಡು ಸಾಲು. ಪಿ220ರ ಹಿಡಿ ತೆಳು, ಒಂಬತ್ತೇ ಗುಂಡು, ಮ್ಯಾಗಜೀನ್ ಬಿಡಿಸುವ ಕೊಂಡಿ ಹಿಡಿಯ ಬುಡದಲ್ಲಿ.

ಪೊಲೀಸರದ್ದು ಇನ್ನೊಂದು ಕಥೆ. ಅವರಿಗೂ ಯುದ್ಧದ ನಂತರ ಅಮೆರಿಕದ ಹಳೇ ರಿವಾಲ್ವರ್‌ಗಳೇ ಗತಿ. ಅರವತ್ತರ ದಶಕದಿಂದ ಸ್ವದೇಶಿ ನ್ಯೂ ನಂಬು ಎಂ60, ಐದು ಗುಂಡಿನ .38 ರಿವಾಲ್ವರ್. 2000ದ ದಶಕದಲ್ಲಿ ಸ್ಮಿತ್ ಅಂಡ್ ವೆಸನ್ನಿನ 'ಸಾಕುರಾ' ಬಂತು, ಅದೂ ಐದೇ ಗುಂಡು. ಹಿಡಿಯಿಂದ ಸೊಂಟಕ್ಕೆ ಒಂದು ದಾರ ಕಟ್ಟಿರುತ್ತೆ, ಯಾರೂ ಕಿತ್ತುಕೊಳ್ಳಬಾರದು ಅಂತ. ವಿಶೇಷ ದಾಳಿ ಪಡೆಯ ಕೈಯಲ್ಲಿ ಜರ್ಮನಿಯ ಎಂಪಿ5. ಅಂದು ನಮ್ಮ ಪರದೆಯಲ್ಲಿದ್ದ ಮಿಂಚುವ ಪಿಸ್ತೂಲನ್ನು ನಾರಾದ ಬೀದಿಯ ಗಸ್ತು ಪೊಲೀಸನ ಸೊಂಟದಲ್ಲಿ ಹುಡುಕಿದ್ದರೂ ಸಿಗುತ್ತಿರಲಿಲ್ಲ.

ಆಟಿಕೆ ಬಲವಾಗ್ತಾ ಹೋದಂತೆ ಕಿಡಿಗೇಡಿಗಳೂ ಹುಟ್ಟಿಕೊಂಡರು. ಬಲ ಹೆಚ್ಚಿಸಿದ ಏರ್‌ಗನ್ನಿನಿಂದ ರಸ್ತೆಯಲ್ಲಿ ಹೋಗುವ ಕಾರುಗಳಿಗೆ ಹೊಡೆದ ಪ್ರಕರಣಗಳು ನಡೆದವು. 2006ರಲ್ಲಿ ಮತ್ತೆ ತಿದ್ದುಪಡಿ. ಈ ಸಲ ಬಣ್ಣ ಕೇಳಲಿಲ್ಲ, ಭೌತಶಾಸ್ತ್ರ ಕೇಳಿದರು. ಗುಂಡಿನ ಅಡ್ಡಕೊಯ್ತದ ಪ್ರತಿ ಚದರ ಸೆಂಟಿಮೀಟರಿಗೆ 3.5 ಜೂಲ್ ಮಿತಿ. 6 ಮಿಲಿಮೀಟರ್ ಗುಂಡಿಗೆ ಲೆಕ್ಕ ಹಾಕಿ, ಸುಮಾರು 0.98 ಜೂಲ್ ಬರುತ್ತೆ. 0.2 ಗ್ರಾಂ ಗುಂಡಾದರೆ ವೇಗ ಸೆಕೆಂಡಿಗೆ 99 ಮೀಟರ್. ಅದೇ ಟೈಪ್ 89ರ ಅಸಲಿ ಗುಂಡಿನ ಶಕ್ತಿ ಸುಮಾರು 1,700 ಜೂಲ್. ನನ್ನ ಪ್ರಕಾರ 1971ಕ್ಕಿಂತ ಇದು ಜಾಣ ಕಾನೂನು. ಹೇಗೆ ಕಾಣುತ್ತೆ ಅನ್ನೋದನ್ನು ಬಿಟ್ಟು ಏನು ಮಾಡುತ್ತೆ ಅಂತ ಅಳೆಯಿತು. ಆದರೆ ಒಂದು ಮಾತು. 1970ರ ಆ ವಿಮಾನದಲ್ಲಿ ಇದ್ದವರಿಗೆ ಜೂಲ್ ಲೆಕ್ಕ ಹೇಳಿದ್ದರೆ ಧೈರ್ಯ ಬರ್ತಿತ್ತಾ?

ಕಥೆಗೆ ಇನ್ನೊಂದು ತಿರುವಿದೆ. ಟೋಕಿಯೋ ಮಾರುಯಿ ಮಾಡಿದ ಟೈಪ್ 89ರ ನಕಲು ಎಷ್ಟು ನಿಖರವಾಗಿತ್ತೆಂದರೆ, ಜಪಾನಿನ ಭೂ ಸ್ವರಕ್ಷಣಾ ಪಡೆಯೇ ಕಟ್ಟಡದೊಳಗಿನ ಕಾಳಗದ ತರಬೇತಿಗೆ ಅದನ್ನು ಬಳಸಲು ಶುರುಮಾಡಿತು. ಸೈನ್ಯವನ್ನು ನೋಡಿ ಮಾಡಿದ ಆಟಿಕೆ, ಆಟಿಕೆ ಹಿಡಿದು ಕಲಿಯುವ ಸೈನ್ಯ.

ಅಬೆ ಅವರ ಮೇಲೆ ಗುಂಡು ಹಾರಿಸಿದವನು ನೌಕಾ ಸ್ವರಕ್ಷಣಾ ಪಡೆಯಲ್ಲಿ ಸುಮಾರು ಮೂರು ವರ್ಷ ಇದ್ದವನು. ಅವನ ಕೈಯಲ್ಲಿದ್ದದ್ದು ಯಾವ ಸೈನ್ಯದ, ಯಾವ ಪೊಲೀಸರ ಬಂದೂಕನ್ನೂ ಹೋಲುತ್ತಿರಲಿಲ್ಲ. ಮರುದಿನ ಬುಲೆಟಿನ್‌ಗೆ ಮೊದಲು ಗ್ರಾಫಿಕ್ಸ್ ಹುಡುಗ ಕೇಳಿದ, "ಸಾರ್, ಇವತ್ತು ಯಾವ ಪಿಸ್ತೂಲು ಹಾಕಲಿ?" ಆ ಪೈಪು, ಟೇಪಿನ ಫೋಟೋನೇ ಹಾಕು ಅಂದೆ. "ಅದು ಗನ್ ಥರ ಕಾಣಲ್ಲ ಸಾರ್" ಅಂದ.