ಮೂರು ಸಾವಿರ ರೂಪಾಯಿಯ ದಾವೆ

1953ರ ಮೇ 6ರಂದು, ಸೂರ್ಯ ಮುಳುಗುವ ಹೊತ್ತಿಗೆ, ರತ್ನಾಗಿರಿ ಜಿಲ್ಲೆಯ ಪಾಲ್ಶೆತ್ ಎಂಬ ಹಳ್ಳಿಯ ಕಡಲ ದಂಡೆಯಲ್ಲಿ ಸುಮಾರು ಇಪ್ಪತ್ತು ವರ್ಷದ ಹುಡುಗನೊಬ್ಬನ ಎಡ ತೊಡೆಯ ಮೂಳೆ ಮುರಿಯಿತು. ಅವನೂ ತಾಯಿಯೂ ಉಳಿದುಕೊಂಡಿದ್ದ ಮನೆ ಅಲ್ಲಿಂದ ಒಂದೂವರೆ ಎರಡು ಮೈಲಿ ದೂರ. ಮಂಚ ತರಿಸಿ, ಅದರ ಮೇಲೆ ಮಲಗಿಸಿ ಮನೆಗೆ ಹೊತ್ತು ತಂದರು. ಊರಿನ ವೈದ್ಯರು ಕಾಲು ಅಲುಗದ ಹಾಗೆ ಹಲಗೆ ಕಟ್ಟಿ, ಪುಣೆಗೆ ಕರೆದೊಯ್ಯಿರಿ ಎಂದರು. ಟ್ಯಾಕ್ಸಿ ಹೊರಟದ್ದು ನಡುರಾತ್ರಿ ಕಳೆದ ಮೇಲೆ. ಇನ್ನೂರು ಮೈಲಿಯ ದಾರಿ, ಘಾಟಿ ಹತ್ತಬೇಕು. ಮೇ 9ರಂದು ಮಧ್ಯಾಹ್ನದ ಹೊತ್ತಿಗೆ ಪುಣೆ ಮುಟ್ಟಿದರು. ಧೋಂಡ್‌ನಲ್ಲಿ ವೈದ್ಯರಾಗಿದ್ದ ತಂದೆ ಅಷ್ಟರಲ್ಲಿ ಅಲ್ಲಿಗೆ ಬಂದಿದ್ದರು.

ಪುಣೆಯ ಸರ್ಜನ್ ಒಬ್ಬರ ಆಸ್ಪತ್ರೆಯಲ್ಲಿ ಹುಡುಗನನ್ನು ಸೇರಿಸಿಕೊಂಡರು. ಮಾರ್ಫಿಯಾ ಚುಚ್ಚುಮದ್ದು, ಎಕ್ಸ್‌ರೇ, ಆಮೇಲೆ ಮಹಡಿಯ ಆಪರೇಷನ್ ಥಿಯೇಟರು. ಒಂದು ಗಂಟೆಗೂ ಸ್ವಲ್ಪ ಹೆಚ್ಚು ಹೊತ್ತಾದ ಮೇಲೆ ಕಾಲಿಗೆ ಪ್ಲಾಸ್ಟರ್ ಹಾಕಿ ಹೊರಗೆ ತಂದರು. ಏಳು ಗಂಟೆಗೆ ಮಂಪರು ಇಳಿಯುತ್ತದೆ ಎಂಬ ಭರವಸೆಯ ಮೇಲೆ ತಂದೆ ಊರಿಗೆ ಹೊರಟರು. ತಾಯಿ ಹಾಸಿಗೆಯ ಪಕ್ಕದಲ್ಲೇ ಇದ್ದರು. ಆರೂವರೆಗೆ ಮಗನಿಗೆ ಕೆಮ್ಮು ಬಂತು, ಉಸಿರು ಕಟ್ಟತೊಡಗಿತು. ರಾತ್ರಿ ಒಂಬತ್ತಕ್ಕೆ ಅವನು ತೀರಿಕೊಂಡ. ಕೊಬ್ಬಿನ ಕಣ ರಕ್ತನಾಳಕ್ಕೆ ಸೇರಿ ಸಾವು ಎಂದು ಸರ್ಜನ್ ಪ್ರಮಾಣಪತ್ರ ಬರೆದರು.

ತಂದೆತಾಯಿ ಹೂಡಿದ ದಾವೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕಾನೂನು ಓದುವ ಹುಡುಗರಿಗೆ ಅದು ‘ಲಕ್ಷ್ಮಣ ಬಾಲಕೃಷ್ಣ ಜೋಶಿ ವಿರುದ್ಧ ತ್ರಿಂಬಕ ಬಾಪು ಗೋಡ್ಬೋಲೆ’ ಎಂದು ಗೊತ್ತು. ದಣಿದು ಬಂದ ರೋಗಿಯ ಮೂಳೆ ಕೂಡಿಸುವುದನ್ನು ಮುಂದಕ್ಕೆ ಹಾಕಿ, ಹಗುರವಾಗಿ ಎಳೆದು ಪ್ಲಾಸ್ಟರ್ ಹಾಕಿದೆ ಅಷ್ಟೆ ಎಂಬುದು ಸರ್ಜನ್ ವಾದ. ಕೋರ್ಟುಗಳು ಅದನ್ನು ನಂಬಲಿಲ್ಲ. ಅರಿವಳಿಕೆ ಕೊಡದೆ, ಮೂವರು ಸಹಾಯಕರಿಂದ ಕಾಲನ್ನು ಬಲವಾಗಿ ಎಳೆಸಿ ಮೂಳೆ ಕೂಡಿಸಿದ್ದರಿಂದ ಉಂಟಾದ ಆಘಾತವೇ ಸಾವಿಗೆ ಕಾರಣ ಎಂದವು. ಕೊನೆಯ ತೀರ್ಪು ಬಂದದ್ದು 1968ರ ಮೇ 2ರಂದು, ಹುಡುಗ ಸತ್ತ ಹದಿನೈದು ವರ್ಷಕ್ಕೆ ಏಳು ದಿನ ಕಡಿಮೆ ಇದ್ದಾಗ. ತಂದೆತಾಯಿಗೆ ಸಿಕ್ಕ ಪರಿಹಾರ 3,000 ರೂಪಾಯಿ.

ಮೊತ್ತ ಅಷ್ಟು ಚಿಕ್ಕದಾಗಲು ಆ ಕಾಲದ ಕಾನೂನೂ ಕಾರಣ. ಮನುಷ್ಯನ ಮೈಗೆ ಆದ ಹಾನಿಯ ಹಕ್ಕು ಅವನೊಂದಿಗೇ ಸಾಯುತ್ತದೆ ಎಂಬುದು ಇಂಗ್ಲಿಷ್ ಕಾನೂನಿನ ಹಳೆಯ ನಿಯಮ. ರೈಲು ಬಂದು ಸಾಯುವವರ ಸಂಖ್ಯೆ ಏರಿದ ಕಾಲದಲ್ಲಿ, 1846ರಲ್ಲಿ, ಬ್ರಿಟನ್ ಅದನ್ನು ಸಡಿಲಿಸಿತು. ಭಾರತಕ್ಕೆ ಅದೇ ಅಚ್ಚಿನ ಕಾನೂನು 1855ರಲ್ಲಿ ಬಂತು. ಪುಣೆಗೆ ರೈಲು ಬರುವುದಕ್ಕೆ ಇನ್ನೂ ಮೂರು ವರ್ಷ ಇತ್ತು. ಸತ್ತವನ ಗಂಡ ಅಥವಾ ಹೆಂಡತಿ, ತಂದೆತಾಯಿ, ಮಕ್ಕಳು ದಾವೆ ಹೂಡಬಹುದು. ಆದರೆ ಕೇಳಬಹುದಾದದ್ದು ಅವನಿಂದ ಬರಬಹುದಾಗಿದ್ದ ಹಣದ ನಷ್ಟವನ್ನು. ದುಃಖಕ್ಕೆ ಬೆಲೆ ಇಲ್ಲ. ಇನ್ನೂ ಗಳಿಸಲು ಶುರುಮಾಡದ ಮಗನ ಲೆಕ್ಕ ಅಲ್ಲಿ ಎಷ್ಟಾದೀತು? ದಾವೆ ಹೂಡಲು ಇದ್ದದ್ದು ಒಂದೇ ವರ್ಷ. 1963ರ ಅವಧಿ ಕಾಯ್ದೆ ಅದನ್ನು ಎರಡಕ್ಕೆ ಏರಿಸಿತು. ಆಗ ಧಾರವಾಡ, ಬೆಳಗಾವಿ, ವಿಜಾಪುರದವರಿಗೂ ಇದೇ ಕಾನೂನು, 1956ರ ನವೆಂಬರ್‌ವರೆಗೆ ಇದೇ ಮುಂಬಯಿ ಹೈಕೋರ್ಟು.

ಈ ತೀರ್ಪಿನಲ್ಲಿ ನ್ಯಾಯಮೂರ್ತಿ ಶೇಲತ್ ಬರೆದ ಮೂರು ಕರ್ತವ್ಯಗಳನ್ನು ಇಂದಿಗೂ ಉಲ್ಲೇಖಿಸುತ್ತಾರೆ: ರೋಗಿಯನ್ನು ಕೈಗೆತ್ತಿಕೊಳ್ಳಬೇಕೇ ಎಂಬಲ್ಲಿ ಎಚ್ಚರ, ಯಾವ ಚಿಕಿತ್ಸೆ ಎಂಬಲ್ಲಿ ಎಚ್ಚರ, ಅದನ್ನು ಕೊಡುವಾಗ ಎಚ್ಚರ. ಆದರೆ ಈ ಕೇಸಿನಲ್ಲಿ ಹೆಚ್ಚು ಯೋಚಿಸಬೇಕಾದದ್ದು ಬೇರೆಯೇ ಇದೆ. ಫಿರ್ಯಾದುದಾರ ಸ್ವತಃ ವೈದ್ಯ. ಮಾರ್ಫಿಯಾ ಅರಿವಳಿಕೆಯಲ್ಲ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ, ಏನು ಕೇಳಬೇಕು ಎಂಬುದನ್ನು ಅವರೇ ವಕೀಲರಿಗೆ ಹೇಳಬಲ್ಲವರು. ಆ ತಂದೆ ಧೋಂಡ್‌ನ ರೈಲ್ವೆ ಕೂಲಿಯಾಗಿದ್ದರೆ ಪ್ರಮಾಣಪತ್ರವೇ ಕೊನೆಯ ಮಾತಾಗುತ್ತಿತ್ತು.

ಗಾಯದ ಪರಿಹಾರ ಹೇಗೆ ಲೆಕ್ಕ ಹಾಕಬೇಕು ಎಂಬುದಕ್ಕೆ ವಕೀಲರು ಮೇಲಿಂದ ಮೇಲೆ ಎತ್ತಿ ತೋರಿಸುವ ಇನ್ನೊಂದು ತೀರ್ಪು 1995ರ ‘ಆರ್.ಡಿ. ಹಟ್ಟಂಗಡಿ ವಿರುದ್ಧ ಪೆಸ್ಟ್ ಕಂಟ್ರೋಲ್’. ಖರ್ಚಾದ ಹಣ, ನಿಂತ ಗಳಿಕೆ ಒಂದು ಕಡೆ. ನೋವು, ಇನ್ನು ಮುಂದೆ ನಡೆಯಲಾಗದ ಬದುಕು ಇನ್ನೊಂದು ಕಡೆ. ಎರಡಕ್ಕೂ ಬೇರೆ ಬೇರೆ ಲೆಕ್ಕ. ಅಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರು ಸ್ವತಃ ವಕೀಲರು. ಮೊದಲನೆಯದು ವೈದ್ಯರದ್ದು, ಎರಡನೆಯದು ವಕೀಲರದ್ದು. ಉಳಿದವರು ಇನ್ನೊಬ್ಬರ ಜ್ಞಾನವನ್ನು ಬಾಡಿಗೆಗೆ ಪಡೆಯಬೇಕು.

ಬಾಡಿಗೆ ಎಷ್ಟು? ಅಮೆರಿಕದಲ್ಲಿ ಗಾಯಾಳುವಿನ ವಕೀಲ ಗೆದ್ದರೆ ಪಾಲು ತೆಗೆದುಕೊಳ್ಳುತ್ತಾನೆ, ಸೋತರೆ ಫೀ ಇಲ್ಲ. ನಮ್ಮಲ್ಲಿ ಹಾಗೆ ಮಾಡುವಂತಿಲ್ಲ. ದಾವೆಗೆ ದುಡ್ಡು ಹಾಕಿ ಪಾಲು ಕೇಳುವುದು ಭಾರತದಲ್ಲಿ ತಾನೇ ತಾನಾಗಿ ಅಕ್ರಮವಲ್ಲ ಎಂದು ಪ್ರಿವಿ ಕೌನ್ಸಿಲ್ 1876ರಲ್ಲೇ ಹೇಳಿತ್ತು. ಆದರೆ ವಕೀಲನೇ ಪಾಲುದಾರನಾದರೆ ಅದು ವೃತ್ತಿಯ ದುರ್ನಡತೆ ಎಂದು ಸುಪ್ರೀಂ ಕೋರ್ಟು 1954ರಲ್ಲಿ ತೀರ್ಪು ಕೊಟ್ಟಿತು. ಬಾರ್ ಕೌನ್ಸಿಲ್ ನಿಯಮಗಳಲ್ಲೂ ಅದೇ ಇದೆ. ಕಾರಣ ಸರಿಯಾದದ್ದೇ: ಪಾಲು ಇರುವವನಿಗೆ ಕಕ್ಷಿದಾರನ ಹಿತಕ್ಕಿಂತ ಬೇಗ ಕೈಗೆ ಬರುವ ದುಡ್ಡು ಮುಖ್ಯವಾಗಬಹುದು. ಆದರೆ ಕಾಲು ಮುರಿದು ಕೂಲಿ ನಿಂತವನು ಫೀ ಎಲ್ಲಿಂದ ತರಬೇಕು ಎಂಬ ಪ್ರಶ್ನೆಗೆ ಈ ನಿಯಮದಲ್ಲಿ ಉತ್ತರವಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆ ಹೆಂಗಸರಿಗೆ, ಮಕ್ಕಳಿಗೆ, ದಲಿತ ಮತ್ತು ಬುಡಕಟ್ಟಿನವರಿಗೆ, ಅಂಗವಿಕಲರಿಗೆ, ಕಾರ್ಖಾನೆ ಕಾರ್ಮಿಕರಿಗೆ ಉಚಿತ ವಕೀಲರ ನೆರವು ಕೊಡುತ್ತದೆ. ಅದು ಗೊತ್ತಿಲ್ಲದವರು ಕಾಗದದ ಮೇಲೆ ಬಾರದ ಒಪ್ಪಂದಕ್ಕೆ ತಲೆಯಾಡಿಸುತ್ತಾರೆ.

2017ರಲ್ಲಿ ತೆಲಂಗಾಣದ ಒಂದು ಕೇಸು ಇದನ್ನು ಬಯಲಿಗೆ ತಂದಿತು. ಗಂಡನನ್ನು ರಸ್ತೆ ಅಪಘಾತದಲ್ಲಿ ಕಳೆದುಕೊಂಡ ಮಹಿಳೆ ತಮ್ಮ ವಕೀಲರಿಗೆ 10 ಲಕ್ಷ ರೂಪಾಯಿ ಫೀ ಕೊಟ್ಟಿದ್ದರು. ಇನ್ನೂ 3 ಲಕ್ಷದ ಚೆಕ್ಕಿಗೆ ಒತ್ತಾಯದಿಂದ ಸಹಿ ಹಾಕಿಸಿಕೊಂಡರು ಎಂಬುದು ಅವರ ಆರೋಪ. ಖಾತೆಯಲ್ಲಿ ದುಡ್ಡಿರಲಿಲ್ಲ, ಚೆಕ್ ವಾಪಸಾಯಿತು. ವಕೀಲರು ತಮ್ಮ ಕಕ್ಷಿದಾರಳ ಮೇಲೇ ಕ್ರಿಮಿನಲ್ ದೂರು ಹಾಕಿದರು! ಸುಪ್ರೀಂ ಕೋರ್ಟು ಆ ದೂರನ್ನು ರದ್ದುಮಾಡಿ, ಪರಿಹಾರದಲ್ಲಿ ಶೇಕಡಾವಾರು ಕೇಳುವುದು ಸಾರ್ವಜನಿಕ ನೀತಿಗೆ ವಿರುದ್ಧ ಎಂದಿತು.

ರಸ್ತೆ ಅಪಘಾತಗಳ ಮಟ್ಟಿಗೆ ದಾರಿ ಸುಲಭವಾಗಿದೆ ಎನ್ನಬೇಕು. 1956ರ ತಿದ್ದುಪಡಿ ಸಿವಿಲ್ ಕೋರ್ಟಿನ ಬದಲು ಪ್ರತ್ಯೇಕ ನ್ಯಾಯಮಂಡಳಿಗಳಿಗೆ ಅವಕಾಶ ಕೊಟ್ಟಿತು. ಇಂದು ಅರ್ಜಿಗೆ ಆರು ತಿಂಗಳ ಗಡುವು ಇದೆ. 1994ರಲ್ಲಿ ತೆಗೆದುಹಾಕಿದ್ದ ಗಡುವು 2022ರ ಏಪ್ರಿಲ್ 1ರಿಂದ ಮತ್ತೆ ಬಂದಿದೆ. ಅಪಘಾತವಾದ ಊರಿನಲ್ಲೇ ಅರ್ಜಿ ಹಾಕಬೇಕೆಂದಿಲ್ಲ, ಅರ್ಜಿದಾರ ವಾಸಿಸುವ ಊರಿನ ನ್ಯಾಯಮಂಡಳಿಗೂ ಹಾಕಬಹುದು. ಕಟ್ಟಡದ ಕೆಲಸಕ್ಕೆಂದು ವಿಜಯಪುರದಿಂದಲೋ ಕಲಬುರಗಿಯಿಂದಲೋ ಪುಣೆಗೆ ಹೋಗಿ, ಅಲ್ಲಿನ ರಸ್ತೆಯಲ್ಲಿ ಕಾಲು ಮುರಿದುಕೊಂಡು ಊರಿಗೆ ಮರಳಿದವನು ಶಿವಾಜಿನಗರದ ಕೋರ್ಟಿಗೆ ಅಲೆಯಬೇಕಿಲ್ಲ, ತನ್ನ ಜಿಲ್ಲೆಯಲ್ಲೇ ಎಂವಿಸಿ ಕೇಸು ಹಾಕಬಹುದು.

ಆದರೆ ಕಾಗದಗಳು ಪುಣೆಯವು. ಎಫ್‌ಐಆರ್, ಸ್ಥಳದ ಪಂಚನಾಮೆ ಮರಾಠಿಯಲ್ಲಿ ಇರುತ್ತವೆ, ಊರಿನ ವಕೀಲರು ಮೊದಲು ಕೇಳುವುದು ಅವನ್ನೇ. ಅನುವಾದ ಮಾಡಿಸಬೇಕು. ವಕಾಲತ್ತು ಮರಾಠಿಯಲ್ಲಿ ವಕೀಲಪತ್ರ, ಪರಿಹಾರ ಅಲ್ಲಿ ನುಕಸಾನ ಭರಪಾಯಿ, ಅಂದರೆ ಆದ ನಷ್ಟವನ್ನು ತುಂಬಿಕೊಡುವುದು. ಇವೆಲ್ಲ ಊಹೆಗೆ ಸಿಗುತ್ತವೆ. ಎಡವಟ್ಟಾಗುವುದು ಚಿಕ್ಕ ಮಾತುಗಳಲ್ಲಿ. ಕನ್ನಡದಲ್ಲಿ ಪಾಯ ಎಂದರೆ ಮನೆಯದ್ದು, ಮರಾಠಿಯಲ್ಲಿ ಕಾಲು. ದಾವಾ ಎಂದರೆ ದಾವೆ, ಡಾವಾ ಎಂದರೆ ಎಡ. ಪಂಚನಾಮೆಯ ‘ಡಾವಾ ಪಾಯ’ ಕನ್ನಡಕ್ಕೆ ಬರುವಾಗ ಬಲಗಾಲಾಗಿ, ಆಸ್ಪತ್ರೆಯ ಅಂಗವೈಕಲ್ಯ ಪತ್ರದಲ್ಲಿ ಎಡಗಾಲು ಎಂದೇ ಇದ್ದರೆ, ಪಾಟೀಸವಾಲಿನಲ್ಲಿ ವಿಮಾ ಕಂಪನಿಯ ವಕೀಲರು ಹಿಡಿಯುವುದು ಆ ಎರಡು ಸಾಲುಗಳನ್ನು.